ಕಾರಿನ ಕಂಬ

ನನ್ನ ತಾತ ಎತ್ತು ಕೊಳ್ಳುವುದರಲ್ಲಿ ನಿಸ್ಸೀಮರಾಗಿದ್ದರು. ಸಂಕ್ರಾಂತಿಯ ಸುಮಾರಿಗೆ ಊರಿನವರು ಚುಂಚನಕಟ್ಟೆಯ ಜಾತ್ರೆಗೆ ಹೊರಟರೆಂದರೆ ಅವರನ್ನು ಮುಂದಿಟ್ಟುಕೊಂಡೇ ಹೊರಡುತ್ತಿದ್ದರು. ಎತ್ತಿನ ಬಾಯಿ ತೆರೆಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದೆಯೋ ಎಂದು ಎಣಿಸಿ, ಮೈಮೇಲಿನ ಸುಳಿಗಳನ್ನು ಪರಾಂಬರಿಸಿ, ಬೆನ್ನ ಮೇಲೆ ಕೈಯಾಡಿಸಿ, ಕೊನೆಗೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಮಾತಾಡುವರು. ಇಷ್ಟಾದರೂ ಸೊಂಟದ ಚೀಲ ಬಿಚ್ಚುತ್ತಿರಲಿಲ್ಲ. ಜೋಡಿಯನ್ನು ಗಾಡಿಗೆ ಕಟ್ಟಿ, ನಾಲ್ಕು ಜನರನ್ನು ಹತ್ತಿಸಿ, ಹೊಳೆಯ ಕಡೆ ಮರಳಿದ್ದಲ್ಲಿ ಒಂದು ಸುತ್ತು ಹೊಡೆಸಬೇಕು. “ನಿಂತಾಗ ಎಲ್ಲ ಎತ್ತೂ ಬಸವಣ್ಣನೇ ಕಣೋ, ಎಳೆಯುವಾಗ ನೋಡಬೇಕು” ಎಂದು ಹೇಳುತ್ತಿದ್ದುದು ಈಗಲೂ ನನ್ನ ಕಿವಿಯಲ್ಲಿದೆ.

ಆ ತಾತನ ಮೊಮ್ಮಗ ನಾನು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕುಳಿತು ಪರರ ಕಾರುಗಳಿಗೆ ಸಾಲ ಮಂಜೂರು ಮಾಡಿದವನು. ಅಲ್ಲಿ ಕಾರು ಎಂದರೆ ಒಂದು ಚಾಸಿ ನಂಬರು, ಒಂದು ಎಂಜಿನ್ ನಂಬರು, ಒಬ್ಬ ಜಾಮೀನುದಾರ. ಅದಕ್ಕೆ ಬಣ್ಣವಾಗಲಿ ಬಾಗಿಲಾಗಲಿ ಇರುವುದು ನಮ್ಮ ಕಡತಕ್ಕೆ ಮುಖ್ಯವಾಗಿರಲಿಲ್ಲ. ಹಾಗಾಗಿ ೨೦೨೫ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ನಾನೇ ಒಂದು ಹೊಸ ಕಾರನ್ನು ಆರಿಸಬೇಕಾಗಿ ಬಂದಾಗ ತಾತನ ವಿದ್ಯೆಯಾಗಲಿ ಬ್ಯಾಂಕಿನ ವಿದ್ಯೆಯಾಗಲಿ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ವಾಚಕರೇ ಮುಂದೆ ನೋಡುವರು.

ಹಳೆಯ ಕಾರು ೨೦೦೫ರಲ್ಲಿ ಕೊಂಡದ್ದು. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿಯನ್ನು ಸಾರಿಗೆ ಕಚೇರಿಯ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ, ಇನ್ನೂ ಓಡಾಡಲು ಯೋಗ್ಯವಾಗಿದೆ ಎಂದು ಬರೆಸಿಕೊಂಡು, ಐದೈದು ವರ್ಷಕ್ಕೆ ನವೀಕರಿಸಬೇಕು. ೨೦೨೦ರಲ್ಲಿ ಒಮ್ಮೆ ಆ ಶಾಸ್ತ್ರ ಮುಗಿಸಿದ್ದೆವು. ೨೦೨೫ಕ್ಕೆ ಗಡುವು ಮತ್ತೆ ಬಂತು. ನಮ್ಮ ಮೆಕ್ಯಾನಿಕ್ ಕಾರಿನ ಹೊಟ್ಟೆಯ ಕೆಳಗಿನಿಂದ ಎದ್ದು ಬಂದು, ಕೈ ಒರೆಸಿಕೊಳ್ಳುತ್ತ, “ಸರ್, ಪಾಸು ಮಾಡಿಸಬಹುದು. ಆದರೆ ಮಾಡಿಸಬೇಕಾ?” ಎಂದ. ಡಾಕ್ಟರು ಇದೇ ಸ್ವರದಲ್ಲಿ ಮಾತಾಡಿದರೆ ನೆಂಟರಿಗೆ ತಂತಿ ಕೊಡುತ್ತಿದ್ದ ಕಾಲ ನನಗೆ ಜ್ಞಾಪಕಕ್ಕೆ ಬಂತು.

ಪುಣೆಯಲ್ಲಿರುವ ಮಗ, “ಅಪ್ಪ, ಈಗೆಲ್ಲ ಎತ್ತರದ ಗಾಡಿ ತೊಗೋತಾರೆ” ಎಂದ. ಅವನ ಮಾತು ಸುಳ್ಳಲ್ಲ. ನಮ್ಮ ದೇಶದಲ್ಲಿ ಈಗ ಮಾರಾಟವಾಗುವ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಎತ್ತರದ ಜಾತಿಯವೇ. ಕುವೆಂಪುನಗರದ ನಮ್ಮ ಬೀದಿಯಲ್ಲೇ ನಾಲ್ಕು ನಿಂತಿವೆ. ಮಾರುಕಟ್ಟೆಗೆ ಹೋಗಿ ಕೊತ್ತಂಬರಿ ಸೊಪ್ಪು ತರಲು ಯುದ್ಧರಥ! ನನಗೆ ಬೇಕಾಗಿದ್ದುದು ಸೆಡಾನು. ಇಂಗ್ಲೆಂಡಿನಲ್ಲಿ ಮೋಟಾರು ಹುಟ್ಟುವ ಎರಡು ಶತಮಾನ ಮುಂಚೆಯೇ ಸೆಡಾನ್ ಎಂಬ ಮಾತಿತ್ತು. ಮುಂದೊಬ್ಬ ಹಿಂದೊಬ್ಬ ಆಳು ಎರಡು ಗಳುಗಳ ಮೇಲೆ ಹೊತ್ತು ನಡೆಯುತ್ತಿದ್ದ ಮುಚ್ಚಿದ ಕುರ್ಚಿಗೆ ಅದು ಹೆಸರು. ಅಂದರೆ ನಮ್ಮ ಮೇನೆ. ಮೇನೆಯಲ್ಲಿ ಕುಳಿತವನು ಎಂದೂ ಅದನ್ನು ನಡೆಸಿದವನಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಸೆಡಾನಿನ ಮೇಲೆ ನನಗಿರುವ ಪ್ರೀತಿಗೆ ಘನವಾದ ಕಾರಣವೊಂದಿದೆ, ಹಲಸಿನ ಹಣ್ಣು. ಸೆಡಾನು ಮೂರು ಪೆಟ್ಟಿಗೆಗಳ ಗಾಡಿ: ಎಂಜಿನ್ನಿಗೊಂದು, ಮನುಷ್ಯರಿಗೊಂದು, ಸಾಮಾನಿಗೊಂದು. ಊರಿನಿಂದ ತರುವ ಹಲಸಿನ ಹಣ್ಣು ಡಿಕ್ಕಿಯಲ್ಲಿ ತನ್ನ ಪಾಡಿಗೆ ತಾನು ಪ್ರಯಾಣ ಮಾಡುತ್ತದೆ, ನಾವು ನಮ್ಮ ಪಾಡಿಗೆ. ಡಿಕ್ಕಿ ಬೇರೆಯಿಲ್ಲದ ಕಾರುಗಳಲ್ಲಿ ಹಣ್ಣೂ ನಾವೂ ಒಂದೇ ಕೋಣೆಯಲ್ಲಿ. ಹುಣಸೂರು ದಾಟುವಷ್ಟರಲ್ಲಿ ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ತಿಳಿಯುವುದಿಲ್ಲ.

ಆದರೆ ಈಗಿನ ಸಣ್ಣ ಸೆಡಾನುಗಳ ಬಾಲ ನೋಡಿದವರಿಗೆ ಸ್ವಲ್ಪ ಮರುಕವಾಗದಿರದು. ಅಂಬಾಸಡರಿನ ಬೆನ್ನು, ಪದ್ಮಿನಿಯ ಬೆನ್ನು ಕಂಡ ಕಣ್ಣಿಗೆ ಇವು ಓಡಿಬರುವಾಗ ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡಂತೆ ಕಾಣುತ್ತವೆ. ಅದಕ್ಕೆ ಕಾರಣ ಸೌಂದರ್ಯಶಾಸ್ತ್ರವಲ್ಲ, ತೆರಿಗೆ. ೨೦೦೬ರ ಕೇಂದ್ರ ಬಜೆಟ್ಟಿನಲ್ಲಿ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಾದರೆ ೧೨೦೦ ಸಿ.ಸಿ., ಡೀಸೆಲ್ಲಾದರೆ ೧೫೦೦ ಸಿ.ಸಿ. ಮೀರದ ಕಾರುಗಳಿಗೆ ಅಬಕಾರಿ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಿದರು. ಅಂದಿನಿಂದ ನಮ್ಮ ಕಾರುಗಳ ಹಿಂಭಾಗವನ್ನು ಅರ್ಥಮಂತ್ರಿಗಳೇ ವಿನ್ಯಾಸ ಮಾಡುತ್ತಿದ್ದಾರೆ. ಟಾಟಾದವರ ಇಂಡಿಗೊ ೨೦೦೮ರಲ್ಲಿ ಮೊಟಕಾಯಿತು. ಮಾರುತಿಯವರ ಡಿಜೈರು ಮೊದಲು ೪.೧೬ ಮೀಟರ್ ಇದ್ದದ್ದು ೨೦೧೨ರಲ್ಲಿ ೩.೯೯೫ ಮೀಟರಿಗೆ ಇಳಿಯಿತು. ಐದು ಮಿಲಿಮೀಟರ್ ಉಳಿತಾಯ! ದರ್ಜಿ ಕೂಡ ಇಷ್ಟು ಅಳೆದು ಕತ್ತರಿಸುವುದಿಲ್ಲ. ಆ ಗೆರೆ ಇಂದಿಗೂ ಅಳಿಸಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಂದು, ಅಂದರೆ ನವರಾತ್ರಿಯ ಮೊದಲನೆಯ ದಿನ, ಗೆರೆಯ ಒಳಗಿನ ಸಣ್ಣ ಪೆಟ್ರೋಲ್ ಕಾರಿನ ಮೇಲಿನ ಜಿ.ಎಸ್.ಟಿ. ಮತ್ತು ಸೆಸ್ ಸೇರಿ ಶೇಕಡಾ ೨೯ ಇದ್ದದ್ದು ೧೮ಕ್ಕೆ ಇಳಿಯಿತು. ಗೆರೆ ದಾಟಿದ್ದಕ್ಕೆ ಶೇಕಡಾ ೪೦. ಇದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ ಬೇರೆ. ಹತ್ತು ಲಕ್ಷದೊಳಗಿದ್ದರೆ ಶೇಕಡಾ ೧೪, ಹತ್ತು ದಾಟಿದರೆ ೧೭, ಮತ್ತೆ ಉಪಕರ. ಆಜೀವ ಎಂದರೆ ಯಾರ ಜೀವ, ಕಾರಿನದೋ ಕೊಂಡವನದೋ ಎಂದು ಕೇಳುವವರಿಲ್ಲ.

ಇಂಥ ವಿಷಯಗಳಲ್ಲಿ ನನ್ನ ಉತ್ಸಾಹಕ್ಕೆ ಮೇರೆಯಿಲ್ಲ. ಒಂದು ಹಳೆಯ ಲೆಡ್ಜರು ತೆಗೆದು ಕಾಲಂ ಹಾಕಿದೆ. ಉದ್ದ, ಡಿಕ್ಕಿಯ ಲೀಟರು, ನೆಲದಿಂದ ಹೊಟ್ಟೆಯ ಎತ್ತರ, ಮೈಲೇಜು, ಏರ್‌ಬ್ಯಾಗು. ಮಗ ಫೋನಿನಲ್ಲಿ, “ಅಪ್ಪ, ಸ್ಟಾರ್ ಎಷ್ಟು ನೋಡಿ” ಎಂದ. ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ೨೦೨೩ರ ಅಕ್ಟೋಬರಿನಿಂದ ನಮ್ಮಲ್ಲಿದೆಯಂತೆ. ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಯ ಒಂದು ಪಕ್ಕವನ್ನು ಒಂದು ತಡೆಗೆ ಗುದ್ದಿಸಿ, ಒಳಗಿನ ಗೊಂಬೆಗಳಿಗೆ ಏನಾಯಿತೆಂದು ನೋಡಿ, ದೊಡ್ಡವರಿಗೆಷ್ಟು ಮಕ್ಕಳಿಗೆಷ್ಟು ಎಂದು ನಕ್ಷತ್ರ ಕೊಡುತ್ತಾರೆ. ನಕ್ಷತ್ರಕ್ಕೂ ಒಂದು ಕಾಲಂ ಹಾಕಿದೆ. ನನ್ನಾಕೆ ಪಕ್ಕದಲ್ಲಿ ಹುರುಳೀಕಾಯಿಯ ನಾರು ಬಿಡಿಸುತ್ತ, “ಓಡಿಸೋರಿಗೆ ಕಾಲಂ ಇಲ್ವೇನ್ರೀ?” ಎಂದಳು. ತಮಾಷೆಯೆಂದು ತಿಳಿದು ನಕ್ಕೆ.

ಮೂರು ಕಾರುಗಳು ಕೊನೆಯ ಸುತ್ತಿಗೆ ಬಂದವು. ಅವುಗಳ ಹೆಸರು ಹೇಳಲಾರೆ. ತಯಾರಿಸಿದವರು ಎಲ್ಲರೂ ಬದುಕಿದ್ದಾರೆ, ವಕೀಲರನ್ನೂ ಇಟ್ಟುಕೊಂಡಿದ್ದಾರೆ. ಬಿಳಿಯದು, ಕೆಂಪುದು, ಬೂದಿ ಬಣ್ಣದ್ದು ಎಂದರೆ ನಮ್ಮ ಕೆಲಸಕ್ಕೆ ಸಾಕು.

ಬಿಳಿಯ ಕಾರಿನ ಶೋರೂಮಿನಲ್ಲಿ ಇಪ್ಪತ್ತಮೂರು ಇಪ್ಪತ್ನಾಲ್ಕರ ಹುಡುಗನೊಬ್ಬ ಕಾಫಿ ಕೊಟ್ಟು, ನನ್ನ ಲೈಸೆನ್ಸಿನ ಜೆರಾಕ್ಸ್ ತೆಗೆದುಕೊಂಡು, “ಟೆಸ್ಟ್ ಡ್ರೈವ್ ಹೋಗೋಣ ಸರ್” ಎಂದ. ಈ ಟೆಸ್ಟ್ ಡ್ರೈವ್ ಎಂಬುದರಲ್ಲಿ ಒಂದು ಗುಟ್ಟಿದೆ. ದಾರಿಯನ್ನು ಆರಿಸುವವನು ಮಾರುವವನು. ಶೋರೂಮಿನಿಂದ ಎಡಕ್ಕೆ, ಮತ್ತೆ ಎಡಕ್ಕೆ, ರಿಂಗ್ ರಸ್ತೆಯಲ್ಲಿ ಒಂದು ಕಿಲೋಮೀಟರು, ಮತ್ತೆ ಎಡಕ್ಕೆ. ಹಳ್ಳವಿಲ್ಲ, ಹಂಪಿಲ್ಲ, ಏರಿಲ್ಲ. ತಾತನ ಕಾಲದ ದಲ್ಲಾಳಿ ಮರಳಿಗಾದರೂ ಬಿಡುತ್ತಿದ್ದ. ನಾನು ಹಟ ಹಿಡಿದು, ಏ.ಸಿ. ಹಾಕಿಸಿ, ನನ್ನಾಕೆಯನ್ನೂ ಶೋರೂಮಿನ ಇನ್ನೊಬ್ಬ ಹುಡುಗನನ್ನೂ ಹಿಂದೆ ಕೂರಿಸಿ, ಚಾಮುಂಡಿಬೆಟ್ಟದ ಏರಿಗೆ ಬಿಡಿಸಿದೆ. ಖಾಲಿ ಕಾರು ಸಮತಟ್ಟು ರಸ್ತೆಯಲ್ಲಿ ಓಡಿದರೆ ಅದರಿಂದ ತಿಳಿಯುವುದೇನು?

ಮೊದಲ ಬಾರಿಗೆ ಕ್ಲಚ್ಚಿಲ್ಲದ ಕಾರು ಓಡಿಸಿದ್ದು ಅಂದು. ಕ್ಲಚ್ಚಿಲ್ಲದ್ದರಲ್ಲಿಯೂ ಒಳಜಾತಿಗಳಿವೆ. ಬಿಳಿಯದರಲ್ಲಿ ಗೇರು ಪೆಟ್ಟಿಗೆ ನಮ್ಮ ಹಳೆಯದೇ. ಕ್ಲಚ್ ಒತ್ತಿ ಗೇರು ಬದಲಿಸುವ ಕೆಲಸವನ್ನು ಮಾತ್ರ ಒಂದು ಯಂತ್ರ ವಹಿಸಿಕೊಂಡಿದೆ. ಅಗ್ಗ, ಪೆಟ್ರೋಲೂ ಹೆಚ್ಚು ಕುಡಿಯದು. ಆದರೆ ಆ ಯಂತ್ರಕ್ಕೆ ನಿಧಾನ ಬುದ್ಧಿ. ಒಂದರಿಂದ ಎರಡಕ್ಕೆ ಹೋಗುವಾಗ ಯೋಚನೆ ಮಾಡುತ್ತದೆ. ಆ ಹೊತ್ತಿಗೆ ಕಾರಿನಲ್ಲಿದ್ದವರೆಲ್ಲ ಒಟ್ಟಿಗೆ ತಲೆದೂಗುತ್ತೇವೆ. ಬೆಟ್ಟ ಹತ್ತುವಷ್ಟರಲ್ಲಿ ನಾವು ನಾಲ್ವರೂ ಒಂದು ಒಳ್ಳೆಯ ಕಚೇರಿ ಕೇಳಿದಷ್ಟು ತಲೆದೂಗಿದ್ದೆವು.

ಬೆಟ್ಟದಿಂದ ಇಳಿದು ಬಂದು, ಶೋರೂಮಿನ ಬೀದಿಗೆ ಬಲಕ್ಕೆ ತಿರುಗುವಾಗ ಆ ಸಂಗತಿ ನಡೆಯಿತು. ರಸ್ತೆ ಖಾಲಿಯಿತ್ತು. ತಿರುಗಿಸಿದೆ. ಹುಡುಗ “ಸರ್, ಸರ್, ಗಾಡಿ!” ಎಂದು ಕೂಗಿದ. ಬ್ರೇಕು ಒತ್ತಿದೆ. ನಮ್ಮ ಮೂತಿಯಿಂದ ಎರಡು ಮೊಳ ದೂರದಲ್ಲಿ ಒಂದು ಸ್ಕೂಟರು ಹಾದುಹೋಯಿತು. ಮುಂದೆ ನಿಂತಿದ್ದ ಪುಟ್ಟ ಹುಡುಗಿಯ ಬೆನ್ನ ಮೇಲೆ ಹಳದಿ ಬಣ್ಣದ ಸ್ಕೂಲ್ ಬ್ಯಾಗು. ಆ ಹಳದಿ ಎಲ್ಲಿಂದ ಬಂತೆಂದು ನನಗೆ ತಿಳಿಯಲಿಲ್ಲ. ಓಡಿಸುತ್ತಿದ್ದವನು ಹಿಂದಿರುಗಿ ನೋಡಿ ಏನೋ ಅಂದ, ನ್ಯಾಯವಾದದ್ದನ್ನೇ ಅಂದಿರಬೇಕು.

“ಪರವಾಗಿಲ್ಲ ಸರ್, ಹೊಸ ಗಾಡಿ ಅಲ್ವಾ,” ಎಂದ ಹುಡುಗ. ಕೈ ನಡುಗುತ್ತಿತ್ತು; ಅವನದೂ ನನ್ನದೂ.

“ಈ ಕಂಬ ನೋಡಪ್ಪ,” ಎಂದೆ ನಾನು. ಮುಂದಿನ ಗಾಜಿನ ಎರಡು ಪಕ್ಕಕ್ಕೆ ಛಾವಣಿಯನ್ನು ಹೊತ್ತು ನಿಲ್ಲುವ ಓರೆಯ ಕಂಬಗಳಿರುತ್ತವಲ್ಲ, ಅದು. ಹಳೆಯ ಕಾರುಗಳಲ್ಲಿ ಬೆತ್ತದಷ್ಟು ಸಪೂರವಾಗಿದ್ದವು. ಈಗ ಕಾರು ಮಗುಚಿದರೆ ಛಾವಣಿ ಕುಸಿಯಬಾರದೆಂದು ದಪ್ಪ ಮಾಡಿದ್ದಾರೆ. ಗಾಳಿ ಸೀಳಲೆಂದು ಒರಗಿಸಿಯೂ ಇದ್ದಾರೆ. ಅದರ ಮರೆಯಲ್ಲಿ ಒಂದು ಸ್ಕೂಟರು ಪೂರ್ತಿ ಅಡಗಿಬಿಡುತ್ತದೆ. ಇದೆಲ್ಲ ನಿಜವೇ. ಅವನಿಗೆ ಇದನ್ನೆಲ್ಲ ವಿವರವಾಗಿ ಬೋಧಿಸಿದೆ. ಹಿಂದಿನ ಸೀಟಿನಿಂದ ಯಾವ ಮಾತೂ ಬರಲಿಲ್ಲ. ಮನೆಗೆ ಬಂದು ಲೆಡ್ಜರಿನಲ್ಲಿ ಬಿಳಿಯ ಕಾರಿನ ಮುಂದೆ ಬರೆದೆ: “ಕಂಬ ದಪ್ಪ.”

ಕೆಂಪು ಕಾರು ನಾಲ್ಕು ಮೀಟರಿನ ಗೆರೆ ದಾಟಿದ್ದು. ನಾಲ್ಕೂವರೆ ಮೀಟರ್ ಉದ್ದ, ಐನೂರು ಲೀಟರು ಮೀರಿದ ಡಿಕ್ಕಿ, ಎರಡು ಹಲಸಿನ ಹಣ್ಣು ಕಾಲು ಚಾಚಿ ಮಲಗಬಹುದು. ಅದರ ಗೇರಿನಲ್ಲಿ ಎರಡು ಕ್ಲಚ್ಚು: ಬೆಸ ಗೇರುಗಳಿಗೆ ಒಂದು, ಸಮ ಗೇರುಗಳಿಗೆ ಒಂದು. ಮೂರು ಓಡುತ್ತಿರುವಾಗಲೇ ನಾಲ್ಕು ಬಾಗಿಲಲ್ಲಿ ನಿಂತಿರುತ್ತದೆ. ಕಾಲಿಟ್ಟರೆ ಸಾಕು, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ಅರವತ್ತೇಳು ವರ್ಷದವನಿಗೆ ಇದು ಯಾಕೆ ಎಂದು ಕೇಳಬಾರದು. ನನಗೆ ಬಹಳ ಸಂತೋಷವಾಯಿತು. ನನ್ನಾಕೆ ಮಾತ್ರ ಇಳಿಜಾರು ಛಾವಣಿಗೆ ತಲೆ ತಗುಲಿಸಿಕೊಳ್ಳದೆ ಒಳಗೆ ಕೂತು, ಹೊರಬರುವಾಗ ಬಾಗಿಲ ಮೇಲಿನ ಹಿಡಿಗೆ ಜೋತು ಎದ್ದಳು. “ಬಾವಿಯಿಂದ ಬಂದ ಹಾಗಾಯ್ತು” ಎಂದಳು.

ನಮ್ಮ ಬಡಾವಣೆಯ ಹಂಪಿಗೂ ಅದನ್ನು ಕರೆದೊಯ್ದೆ. ರಸ್ತೆಯ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರ ನಿಯಮವಿದೆ. ೩.೭ ಮೀಟರ್ ಅಗಲ, ನಡುವೆ ೧೦ ಸೆಂಟಿಮೀಟರ್ ಎತ್ತರ, ಆಮೆಯ ಬೆನ್ನಿನಂತೆ ನಯವಾಗಿ ಏರಿ ಇಳಿಯಬೇಕು. ಆ ಲೆಕ್ಕದಲ್ಲಿ ಹೊಟ್ಟೆ ೧೬ ಸೆಂಟಿಮೀಟರ್ ಎತ್ತರವಿದ್ದರೂ ಸೆಡಾನು ದಾಟಬೇಕು. ನಮ್ಮ ಹಂಪು ಯಾವ ಕಾಂಗ್ರೆಸ್ಸನ್ನೂ ಕೇಳಿ ಹುಟ್ಟಿದ್ದಲ್ಲ. ಯಾರೋ ಮನೆ ಕಟ್ಟುವಾಗ ಮಿಕ್ಕ ಕಾಂಕ್ರೀಟನ್ನು ಪುಣ್ಯಕ್ಕೆಂದು ಸುರಿದದ್ದು. ಸ್ವಲ್ಪ ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿದ್ದರಿಂದ ಕಾರು ಉಳಿಯಿತು.

ಬರುವಾಗ ವೃತ್ತವೊಂದರಲ್ಲಿ ಬಲಗಡೆಯಿಂದ ಬಂದ ಸೈಕಲ್ಲಿನವನೊಬ್ಬ ಗಕ್ಕನೆ ಇಳಿದು ನಿಂತುಕೊಂಡ. ಹಾಲಿನ ಕ್ಯಾನು ರಸ್ತೆಗೆ ತಗುಲಿ ಸದ್ದಾಯಿತು. ಅವನಿಗೇನೂ ಆಗಲಿಲ್ಲ. ಅವನು ಬೈಯಲೂ ಇಲ್ಲ. ನನ್ನ ನರೆಗೂದಲು ನೋಡಿ, ಕೈ ಬೀಸಿ, ಹೋಗಿ ಎಂದ. ಆ ಕೈಬೀಸು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಲೆಡ್ಜರಿನಲ್ಲಿ ಬರೆದೆ: “ಕಂಬ ಬಹಳ ದಪ್ಪ.”

ಅಂದು ರಾತ್ರಿ ಊಟವಾದ ಮೇಲೆ ನನ್ನಾಕೆ ಲೆಡ್ಜರು ತೆಗೆದು ನೋಡಿದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಉತ್ತರ ತಪ್ಪಿದ್ದರೆ ಎಲ್ಲಿ ತಪ್ಪಿತೆಂದು ಮೇಲಿನಿಂದ ಒಂದೊಂದೇ ಸಾಲು ನೋಡಿಕೊಂಡು ಬರುವ ಅಭ್ಯಾಸ.

“ರೀ, ನಮ್ಮ ಹಳೇ ಕಾರಿನ ಕಂಬ ದಪ್ಪ ಇದೆಯಾ?”

“ಇಲ್ಲ. ಸಣ್ಣದು.”

“ಹೋದ ತಿಂಗಳು ಆ ತಳ್ಳುಗಾಡಿಯವನಿಗೆ ತಗುಲಿಸಿದಿರಲ್ಲ, ಅದು ಹಳೇ ಕಾರಿನಲ್ಲಿ ತಾನೆ? ಅವನೂ ಬಲಗಡೆಯಿಂದಲೇ ಬಂದದ್ದು.”

ನಾನು ಸುಮ್ಮನಾದೆ. ಇಲ್ಲಿ ವಾಚಕರಿಗೆ ಒಂದು ಸಂಗತಿ ತಿಳಿಸಬೇಕು; ಇಷ್ಟು ಹೊತ್ತು ಅವರಿಂದಲೂ ಮುಚ್ಚಿಟ್ಟಿದ್ದೆ. ಆ ವರ್ಷದ ಮಾರ್ಚಿಯಲ್ಲಿ ಕನ್ನಡಕ ಬದಲಿಸಲೆಂದು ಕಣ್ಣಿನ ಡಾಕ್ಟರಲ್ಲಿ ಹೋಗಿದ್ದೆ. ಅವರು ಕಣ್ಣಿನ ಒತ್ತಡ ಅಳೆದು, ಮತ್ತೊಂದು ಯಂತ್ರದ ಮುಂದೆ ಕೂರಿಸಿದರು. ಬಟ್ಟಲಿನಂಥ ಬಿಳಿಯ ಗೋಳ. ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಜಾಗರೂಕತೆಯಿಂದಲೇ ಒತ್ತಿದೆ. ಕಾಗದ ಹೊರಬಂದಾಗ ಅಂಚಿನಲ್ಲಿ ಕಪ್ಪು ಬಿದ್ದಿತ್ತು, ಬಲಗಡೆ ಹೆಚ್ಚು. ಗ್ಲಾಕೋಮ ಎಂದರು. ಅಲ್ಲಿ ಬೆಳಕು ಮಿನುಗಿತ್ತೆಂದೇ ನನಗೆ ಗೊತ್ತಾಗಿರಲಿಲ್ಲ. ಈ ರೋಗದ ಸ್ವಭಾವವೇ ಹಾಗಂತೆ. ನೋವಿಲ್ಲ, ಕೆಂಪಿಲ್ಲ. ಕಣ್ಣಿನ ನರ ಅಂಚಿನಿಂದ ಸವೆಯುತ್ತ ಬಂದರೂ, ಕಾಣದ ಜಾಗದಲ್ಲಿ ಕಪ್ಪು ಪರದೆ ಕಾಣುವುದಿಲ್ಲ. ಸುತ್ತಲಿನ ರಸ್ತೆಯನ್ನೇ ಎಳೆದು ಮಿದುಳು ಆ ತೂತಿಗೆ ತೇಪೆ ಹಾಕಿಬಿಡುತ್ತದೆ. ಖಾಲಿ ರಸ್ತೆಯನ್ನು ಕಂಡೆ ಎಂದೆನಲ್ಲ, ಆ ಖಾಲಿ ನನ್ನ ತಲೆ ನೇಯ್ದದ್ದು. ಹೋದದ್ದು ಬಾರದು, ಇದ್ದದ್ದನ್ನು ಉಳಿಸಿಕೊಳ್ಳಲು ದಿನ ರಾತ್ರಿ ಹನಿ ಹಾಕಿಕೊಳ್ಳಬೇಕು.

ಹನಿಯ ವಿಷಯ ಮನೆಯಲ್ಲಿ ಹೇಳಿದ್ದೆ, “ಕಣ್ಣಿನಲ್ಲಿ ಸ್ವಲ್ಪ ಪ್ರೆಷರು” ಎಂದು. ಡಾಕ್ಟರು ಕೊನೆಗೆ ಕೇಳಿದ್ದನ್ನು ಹೇಳಿರಲಿಲ್ಲ. “ಕಾರು ಓಡಿಸ್ತೀರಾ?” ಎಂದಿದ್ದರು. “ಅಪರೂಪಕ್ಕೆ” ಎಂದಿದ್ದೆ. ನನ್ನ ಲೈಸೆನ್ಸು ೨೦೨೩ರಲ್ಲಿ ನವೀಕರಿಸಿದ್ದು, ೨೦೨೮ರವರೆಗೂ ಊರ್ಜಿತ. ಕಾಗದ ಸರಿಯಿದ್ದರೆ ಎಲ್ಲ ಸರಿ ಎಂದು ಮೂವತ್ತೈದು ವರ್ಷ ನಂಬಿ ಸಂಬಳ ತೆಗೆದುಕೊಂಡವನು ನಾನು.

ಆ ರಾತ್ರಿ ಆ ಕಾಗದವನ್ನು ಬೀರುವಿನಿಂದ ತಂದು ಅವಳ ಮುಂದಿಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

“ಆ ಮಗು ಹಳದಿ ಬ್ಯಾಗು ಹಾಕ್ಕೊಂಡಿತ್ತು” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ನಾಳೆ ಬೂದಿ ಕಾರಿಗೆ ನಾನು ಮುಂದೆ ಕೂತ್ಕೋತೀನಿ” ಎಂದಳು.

ಪಕ್ಕದಲ್ಲಿ ಕುಳಿತು ನನಗೆ ಕಣ್ಣಾಗುವಳೆಂದು ನಾನು ಅರ್ಥಮಾಡಿಕೊಂಡೆ.

ಮರುದಿನ ಮೂರನೆಯ ಶೋರೂಮಿನ ಹುಡುಗಿ, ಅಲ್ಲಿ ಹುಡುಗಿಯಿದ್ದಳು, “ಲೈಸೆನ್ಸ್ ಜೆರಾಕ್ಸ್ ಬೇಕಿತ್ತು ಸರ್” ಎಂದಾಗ ನನ್ನಾಕೆ ಕೈಚೀಲದಿಂದ ತನ್ನ ಲೈಸೆನ್ಸು ತೆಗೆದು ಮೇಜಿನ ಮೇಲಿಟ್ಟಳು. ಊರ್ಜಿತವಾದ ಲೈಸೆನ್ಸು. ವಯಸ್ಸಾದವರು ಐದೈದು ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ ನವೀಕರಿಸಬೇಕು. ೨೦೧೪, ೨೦೧೯, ೨೦೨೪, ಮೂರು ಸಲವೂ ಹೋಗಿ ಮಾಡಿಸಿದ್ದಾಳೆ. ಸ್ಕೂಲಿನ ಕೆಲಸ, ಬ್ಯಾಂಕಿನ ಕೆಲಸ ಎಂದು ಹೇಳಿ ಹೋದ ದಿನಗಳಿರಬೇಕು. ನನಗೆ ಸುಳಿವಿಲ್ಲ.

ಅವಳು ಕಾರು ಕಲಿತದ್ದು ೧೯೮೬ರಲ್ಲಿ, ನಮ್ಮ ಮದುವೆಗೆ ಮುಂಚೆ, ಡ್ರೈವಿಂಗ್ ಸ್ಕೂಲಿನ ಪದ್ಮಿನಿಯಲ್ಲಿ. ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ ಇರುತ್ತಿದ್ದ ಕಾರು. ಅದರಲ್ಲಿ ಕಲಿತವರಿಗೆ ಬೇರೆ ಯಾವ ಕಾರಿನ ಭಯವೂ ಇರುವುದಿಲ್ಲ. ೧೯೯೨ರಲ್ಲಿ ನಾನು ಸೆಕೆಂಡ್‌ಹ್ಯಾಂಡ್ ಪದ್ಮಿನಿ ಕೊಂಡಾಗ ಒಂದು ಭಾನುವಾರ ಅವಳು ಅದನ್ನು ಗೇಟಿನಿಂದ ಹೊರತೆಗೆಯಲು ಹೋಗಿ, ಗೇಟಿನ ಕಂಬಕ್ಕೆ ಒರೆಸಿದಳು. ಒಂದು ಗೇಣು ಗೀರು. ಅವಳ ಅಣ್ಣ ಅತ್ತಿಗೆ ಜಗಲಿಯಲ್ಲಿ ಕೂತಿದ್ದರು. ನಾನು ಅವರ ಎದುರಿಗೆ, “ಇದು ನಿನ್ನ ಕೈಲಾಗೋ ಕೆಲಸ ಅಲ್ಲ, ಕೀ ಕೊಡು” ಎಂದೆ. ಅವಳು ಕೀ ಕೊಟ್ಟಳು. ಅಲ್ಲಿಂದ ಮುಂದೆ ಕೇಳಲಿಲ್ಲ, ನಾನು ಕೊಡಲಿಲ್ಲ. ಕಾರು ಓಡಿಸಲು ಅವಳಿಗೆ ಇಷ್ಟವಿಲ್ಲ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಅವಳೂ ಪಕ್ಕದಲ್ಲಿ ನಿಂತು ಕೇಳಿದ್ದಾಳೆ. ಆ ಗೀರನ್ನು ಆರು ನೂರು ರೂಪಾಯಿ ಕೊಟ್ಟು ಒಂದೇ ವಾರದಲ್ಲಿ ಅಳಿಸಿಸಿದ್ದೆ.

ಶೋರೂಮಿನ ಹುಡುಗಿ ಬುದ್ಧಿವಂತೆ. ಗಿಜಿಗುಡುವ ರಸ್ತೆಗೆ ಬಿಡದೆ, ತಾನೇ ಓಡಿಸಿಕೊಂಡು, ರಸ್ತೆ ಮಾತ್ರ ಹಾಕಿ ಇನ್ನೂ ಮನೆಗಳೇಳದ ಒಂದು ಬಡಾವಣೆಗೆ ಕರೆದೊಯ್ದಳು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ನನ್ನಾಕೆ ನಾಲ್ಕು ಅಡಿ ಹನ್ನೊಂದು ಅಂಗುಲ. ಹುಡುಗಿ ಸೀಟಿನ ಪಕ್ಕದ ಹಿಡಿಯನ್ನು ನಾಲ್ಕಾರು ಸಲ ಎತ್ತಿದಳು. ಬಾವಿಯಿಂದ ನೀರು ಸೇದಿದಂತೆ ಸೀಟು ಮೇಲಕ್ಕೆ ಬಂತು. ಸ್ಟಿಯರಿಂಗನ್ನು ಕೆಳಕ್ಕೆ ಇಳಿಸಿದಳು. “ಮೇಡಂ, ಬಾನೆಟ್ ಕಾಣುತ್ತಾ?” “ಕಾಣುತ್ತೆ ಕಣಮ್ಮ.” ಬಿಳಿಯ ಕಾರಿನಲ್ಲೂ ಕೆಂಪು ಕಾರಿನಲ್ಲೂ ಈ ಹಿಡಿ ಇದ್ದಿತೇ ಎಂದು ನನಗೆ ಗೊತ್ತಿಲ್ಲ. ನನ್ನ ಲೆಡ್ಜರಿನ ಹದಿನಾಲ್ಕು ಕಾಲಂಗಳಲ್ಲಿ ಅದು ಇರಲಿಲ್ಲ.

ಹೊರಟ ಮೊದಲ ನಿಮಿಷದಲ್ಲೇ ನಾವು ಮೂವರೂ ಮುಂದಕ್ಕೆ ಮುಗ್ಗರಿಸಿದೆವು. ಕ್ಲಚ್ಚೆಂದು ಎಡಗಾಲಿನಲ್ಲಿ ಬ್ರೇಕು ತುಳಿದಿದ್ದಳು. ನಾನು ಬಾಯಿ ತೆರೆದೆ. ಕನ್ನಡಿಯಲ್ಲಿ ಅವಳ ಕಣ್ಣು ಕಂಡಿತು. ಬಾಯಿ ಮುಚ್ಚಿದೆ. “ಎಡಗಾಲಿಗೆ ಇದರಲ್ಲಿ ಕೆಲಸ ಇಲ್ಲ ಮೇಡಂ, ಸುಮ್ಮನೆ ಇಟ್ಕೊಳ್ಳಿ” ಎಂದಳು ಹುಡುಗಿ. ನನ್ನಾಕೆ ಚಪ್ಪಲಿ ಬಿಟ್ಟು ಎಡಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡಳು.

ಬೂದಿ ಕಾರಿನ ಗೇರು ಮೂರನೆಯ ಬಗೆಯದು. ಅದರಲ್ಲಿ ಗೇರಿನ ಮೆಟ್ಟಿಲುಗಳೇ ಇಲ್ಲ. ಎರಡು ರಾಟೆಗಳ ನಡುವೆ ಉಕ್ಕಿನ ಪಟ್ಟಿಯೊಂದು ಸುತ್ತುತ್ತದೆ; ರಾಟೆಗಳು ಅಗಲವಾಗುತ್ತ ಕಿರಿದಾಗುತ್ತ ವೇಗವನ್ನು ಹೊಂದಿಸುತ್ತವೆ. ಜೋರಾಗಿ ಒತ್ತಿದರೆ ಎಂಜಿನ್ನು ಮೊದಲು ಕೂಗುತ್ತದೆ, ಕಾರು ಆಮೇಲೆ ಬರುತ್ತದೆ. ಅವಸರದವರಿಗೆ ಇದು ಸಹಿಸದು. ಮೆತ್ತಗೆ ಒತ್ತುವವರಿಗೆ ಬೆಣ್ಣೆಯಲ್ಲಿ ಬೆರಳಿಟ್ಟಂತೆ. ಎರಡು ಸುತ್ತು, ಮೂರು ಸುತ್ತು, ಗಂಟೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಖಾಲಿ ಸೈಟುಗಳ ನಡುವೆ ಹೋದೆವು. ನಾಲ್ಕನೆಯ ಸುತ್ತಿನಲ್ಲಿ, ಬಲಕ್ಕೆ ತಿರುಗುವ ಕಡೆ, ಅವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

“ಯಾಕೆ ನಿಲ್ಲಿಸಿದೆ?” ಎಂದೆ.

“ಮೇಕೆ.”

ಆಮೇಲೆ ಕಂಡಿತು. ಏಳೆಂಟು ಮೇಕೆಗಳು, ಹಿಂದೆ ಕೋಲು ಹಿಡಿದ ಒಬ್ಬ ಮುದುಕಿ. ಲಾಂಟಾನದ ಪೊದೆಯ ಕಡೆಯಿಂದ ಸಾವಕಾಶವಾಗಿ ದಾಟಿದವು.

“ನಿನಗೆ ಕಂಬ ಅಡ್ಡ ಬರಲಿಲ್ವಾ?”

“ಬಂತು. ಸ್ವಲ್ಪ ಮುಂದಕ್ಕೆ ಬಗ್ಗಿ ನೋಡಿದೆ.”

ಬೂದಿ ಕಾರನ್ನೇ ಗೊತ್ತು ಮಾಡಿದೆವು. ತೆರಿಗೆ ಇಳಿಯುವ ದಿನ ನೋಡಿ ಬಿಲ್ಲು ಮಾಡಿಸಿದೆ. ಅಷ್ಟರಮಟ್ಟಿಗೆ ಬ್ಯಾಂಕಿನ ವಿದ್ಯೆ ಉಪಯೋಗಕ್ಕೆ ಬಂತು. ನಡುವಿನ ದಿನಗಳಲ್ಲಿ ಅವಳು ಬೆಳಿಗ್ಗೆ ಆರೂವರೆಗೆ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಹದಿನೆಂಟರ ಹುಡುಗರ ನಡುವೆ ಮತ್ತೆ ಕಲಿತು ಬಂದಳು. ಮಗನಿಗೆ ಫೋನಿನಲ್ಲಿ ಎಲ್ಲ ಹೇಳಿದಳು, ನನ್ನ ಕಣ್ಣಿನ ಕಾಗದವನ್ನೂ ಸೇರಿಸಿ. ಅವನು ನನ್ನೊಡನೆ ಕಾರಿನ ಬಣ್ಣದ ವಿಷಯ ಮಾತ್ರ ಮಾತಾಡಿದ. ಒಳ್ಳೆಯ ಹುಡುಗ. ಹಳೆಯ ಕಾರನ್ನು ಮೆಕ್ಯಾನಿಕ್ಕೇ ಬಂದು ತೆಗೆದುಕೊಂಡು ಹೋದ. ಅದು ಬೀದಿಯ ತಿರುವು ದಾಟುವವರೆಗೆ ನಾನು ಗೇಟಿನಲ್ಲಿ ನಿಂತಿದ್ದೆ. ಕೀಗೊಂಚಲಿನಲ್ಲಿ ನಂಜನಗೂಡಿನ ಶ್ರೀಕಂಠೇಶ್ವರನ ಬಿಲ್ಲೆ ಇತ್ತು. ಅದನ್ನು ಕಳಚಿ ಹೊಸ ಕೀಗೆ ನಾನೇ ಹಾಕಿ ಅವಳಿಗೆ ಕೊಟ್ಟೆ. ಏನಾದರೂ ಹೇಳಬೇಕೆಂದಿದ್ದೆ. ೧೯೯೨ರ ಮಾತು ಅವಳಿಗೂ ಜ್ಞಾಪಕವ���ತ್ತೋ ಏನೋ. “ಹಾಲು ಉಕ್ಕುತ್ತೆ” ಎಂದು ಒಳಗೆ ಹೋದಳು.

ಅಕ್ಟೋಬರ್ ಒಂದರಂದು ಆಯುಧಪೂಜೆ. ಬೂದಿ ಕಾರಿಗೆ ಸೇವಂತಿಗೆ ಹಾರ, ಬಾಳೆಕಂದು, ಕುಂಬಳಕಾಯಿ ಎಲ್ಲ ಆಯಿತು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆ. ಅವಳು ಹತ್ತಿ ಕುಳಿತು, ಸೀಟು ಎತ್ತಿಕೊಂಡು, ಕನ್ನಡಿ ಸರಿಮಾಡಿಕೊಂಡಳು. ನಾನು ಎಡಗಡೆ ಕುಳಿತೆ. ನಿಂಬೆಹಣ್ಣು ಚಿಟ್ಟೆಂದವು. ಗೇಟಿನ ಹತ್ತಿರ ನನ್ನ ಬಲಗಾಲು ತನ್ನಷ್ಟಕ್ಕೆ ತಾನೇ ಮ್ಯಾಟನ್ನು ಒತ್ತಿತು. ಅವಳು ನೋಡಿಯೂ ನೋಡದಂತಿದ್ದಳು. ಗೇಟಿನ ಎರಡೂ ಕಂಬಗಳ ನಡುವೆ ಎರಡು ಕಡೆಯೂ ಮೊಳ ಮೊಳ ಜಾಗ ಬಿಟ್ಟು ಕಾರು ಬೀದಿಗೆ ಬಂತು.

ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಬೇಕು. “ನಿಮ್ಮ ಕಡೆ ಯಾರಾದರೂ ಬರ್ತಿದಾರೇನ್ರೀ, ನೋಡಿ” ಎಂದಳು.

ನಾನು ಕುತ್ತಿಗೆಯನ್ನು ಪೂರ್ತಿ ತಿರುಗಿಸಿ, ಮುಂದಕ್ಕೆ ಬಗ್ಗಿ, ಮೇಲಿನಿಂದ ಕೆಳಗಿನವರೆಗೂ ನೋಡಿದೆ. “ಯಾರೂ ಇಲ್ಲ, ಹೋಗು” ಎಂದೆ.

ಅವಳು ಹೂಂ ಎಂದು, ತಾನೂ ಒಂದು ಸಲ ಬಗ್ಗಿ ನೋಡಿ, ಆಮೇಲೆ ತಿರುಗಿಸಿದಳು.